ಟೈಪಿಂಗ್ ಮಾಸ್ಟರ ಮಲಯಾಳ ಮಂತ್ರ

ಹೋದ ತಿಂಗಳು ಉತ್ತಮಪಾಳ್ಯದ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಹಳೆಯ ಪತ್ರವೊಂದರಲ್ಲಿ ಅಪ್ಪನ ಇನಿಷಿಯಲ್ ತಪ್ಪಾಗಿ ಬಿದ್ದಿತ್ತು, ತಿದ್ದಿಸಬೇಕಿತ್ತು. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ಒಬ್ಬ ಮುದುಕ ಮಾತ್ರ ಇನ್ನೂ ಟೈಪ್‌ರೈಟರ್ ಬಿಟ್ಟಿರಲಿಲ್ಲ. ಪಾಪ ಅವನ ಹತ್ತಿರ ಯಾರೂ ಇಲ್ಲವಲ್ಲ ಅಂತ ನಾನು ಅಲ್ಲೇ ಹೋಗಿ ನಿಂತೆ. ಅವನು ರಿಬ್ಬನ್ ಬದಲಾಯಿಸಲು ಮಿಷಿನ್ನಿನ ಮುಚ್ಚಳ ತೆಗೆದ. ಆ ಮಸಿ ವಾಸನೆ, ಅದರ ಜೊತೆ ಬೆರೆತ ಹೊಲಿಗೆ ಮಿಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು ನೋಡಿ... ಅರ್ಜಿಯಲ್ಲಿ ಏನು ಬರೆಸಬೇಕೆಂಬುದೇ ಮರೆತುಹೋಯಿತು. ಮುದುಕ ಎರಡು ಸಲ ಕೇಳಿದ, ನಾನು ಆ ರಿಬ್ಬನ್ನನ್ನೇ ನೋಡುತ್ತಿದ್ದೆ.

ಮೂವತ್ತು ವರ್ಷದ ಹಿಂದೆ ತೇವಾರದ ದೊಡ್ಡ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಒಂದು ಟೈಪಿಂಗ್ ಶಾಲೆ ಇತ್ತು. ಆರು ಮಿಷಿನ್ನುಗಳು. ಅದರಲ್ಲಿ ಎರಡಕ್ಕೆ ಯಾವಾಗಲೂ ಏನಾದರೊಂದು ಕಾಯಿಲೆ. ಅದನ್ನು ನಡೆಸುತ್ತಿದ್ದವರು ನಮ್ಮವರೇ ಆದ ಒಬ್ಬ ಮಾಸ್ಟರು. ಅವರ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಆ ಲೆಕ್ಕಕ್ಕೆ ಅವರನ್ನು ಮಾಮ ಅನ್ನಬೇಕಿತ್ತು. ಆದರೆ ಪಾಠ ಹೇಳಿಕೊಟ್ಟವರು, ಸಾರ್ ಎಂದು ಬಾಯಿಗೆ ಬಂದದ್ದು ಕೊನೆಯವರೆಗೂ ಸಾರ್ ಆಗಿಯೇ ಉಳಿಯಿತು.

ಸಣ್ಣ ಮೈಕಟ್ಟಿನ, ಒಪ್ಪವಾದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡಿದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಮೆಲ್ಲಗೆ ಬಂದು ನಮ್ಮ ಎರಡೂ ಕೈಗಳ ಮೇಲೆ ತಮ್ಮ ಕರ್ಚೀಫು ಹಾಸಿ ಹೋಗಿಬಿಡುವರು. ಆ ಕರ್ಚೀಫಿನ ಕೆಳಗೆ ಕೈಯಿಟ್ಟು ನಾನು ಟೈಪಿಂಗಿನ ಹೈಯರ್ ಪರೀಕ್ಷೆ ಪಾಸಾದೆ. ಆಮೇಲೆ ಕೆಲಸ ಸಿಗುವವರೆಗೆ ಅಂತ ಅವರ ಬಳಿಯೇ ಹೊಸಬರಿಗೆ ಹೇಳಿಕೊಡುತ್ತಾ ಉಳಿದೆ. ಆಗ ನನಗೆ ಇಪ್ಪತ್ತೊಂದು. ಮನೆಯಲ್ಲಿ ಗಂಡು ಹುಡುಕುತ್ತಿದ್ದರು, ನಾನು ಕೆಲಸ ಹುಡುಕುತ್ತಿದ್ದೆ. ಎರಡೂ ಸಿಗುತ್ತಿರಲಿಲ್ಲ.

ಮಾಸ್ಟರಿಗೆ ಟೈಪಿಂಗ್ ಅಲ್ಲದೆ ಇನ್ನೊಂದು ವಿದ್ಯೆ ಇತ್ತು. ಮದುವೆ, ಸೀಮಂತ, ಮಕ್ಕಳ ಕಿವಿ ಚುಚ್ಚುವ ಸಮಾರಂಭ, ಶಾಲೆಯ ವಾರ್ಷಿಕೋತ್ಸವ, ಇಂಥ ಕಡೆ ಅವರು ಮನಸ್ಸು ಓದುವ ಆಟ ಆಡುತ್ತಿದ್ದರು. ವೇದಿಕೆಯ ಮೇಲೆ ಕುರ್ಚಿಯಲ್ಲಿ ಅತ್ತೆ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿಕೊಂಡು ಕೂರುವರು. ಮಾಸ್ಟರು ಜನರ ನಡುವೆ ಓಡಾಡಿ, ಯಾರದ್ದೋ ಕೈಯಲ್ಲಿರುವ ಸಾಮಾನನ್ನು ಎತ್ತಿ ಹಿಡಿದು ಪ್ರಶ್ನೆ ಕೇಳುವರು. ಅತ್ತೆ ಅದೇನೆಂದು, ಅದರ ಬಣ್ಣ ಯಾವುದೆಂದು ಕೂತಲ್ಲಿಂದಲೇ ಹೇಳುವರು. ಜನ ಬಾಯಿ ಬಿಟ್ಟುಕೊಂಡು ನೋಡುವರು. ಹಾಗೆ ನಡೆದುಕೊಂಡು ಬಂದದ್ದು, ಬರಬರುತ್ತ ಅತ್ತೆಯ ಕಿವಿ ಮಂದವಾಯಿತು. ಒಂದು ಮದುವೆಯಲ್ಲಿ ಮಾಸ್ಟರು ಬಾಚಣಿಗೆ ಹಿಡಿದರೆ ಅತ್ತೆ ಚೀಲ ಅಂದರಂತೆ, ಬೀಗದ ಕೈ ಹಿಡಿದರೆ ಆಗಲೂ ಚೀಲವೇ ಅಂದರಂತೆ. ಮನೆಗೆ ಬಂದು ಅತ್ತೆಯೇ ಆ ಕಪ್ಪು ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅಪ್ಪ ಮೊದಲು ಒಪ್ಪಲಿಲ್ಲ. ಅತ್ತೆಯೂ ಎಲ್ಲ ಕಡೆ ಜೊತೆಗೆ ಬರುತ್ತಾರೆ ಎಂದಾಗ ಅರೆಮನಸ್ಸಿನಿಂದ ಹೂಂ ಅಂದ.

ಆಟದ ಗುಟ್ಟನ್ನು ಈಗ ಹೇಳಿದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಮಾಸ್ಟರು ಜನರೊಂದಿಗೆ ತಮಿಳಿನಲ್ಲಿ ಮಾತಾಡುತ್ತಿದ್ದರು. ನನ್ನ ಕಡೆ ತಿರುಗುವಾಗ ಕಣ್ಣು ಮುಚ್ಚಿ, ಕೈ ಮೇಲೆತ್ತಿ, ರಾಗವಾಗಿ ಒಂದು ಮಂತ್ರ ಹೇಳುತ್ತಿದ್ದರು. ಅದು ಮಲಯಾಳ ದೇಶದಲ್ಲಿ ಕಲಿತದ್ದು ಎಂದು ಜನ ತಾವೇ ಮಾತಾಡಿಕೊಳ್ಳುತ್ತಿದ್ದರು, ಇವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮಂತ್ರವೇನು ಗೊತ್ತೇ?

"ಓಂ ಹ್ರೀಂ... ಉಂಗುರ ಕಣವ್ವಾ... ಹರಳು ಕೆಂಪು, ಹರಳು ಕೆಂಪು... ಸವೆದದೆ ಕಣವ್ವಾ..."

ಅಷ್ಟೇ. ನಮ್ಮ ಮನೆ ಮಾತು. ತಮಿಳು ಸೀಮೆಯ ಈ ಕಣಿವೆಯಲ್ಲಿ ನಾವು ಕನ್ನಡದವರು ಒಕ್ಕಲು ಮಾಡಿಕೊಂಡು ಎಷ್ಟೋ ತಲೆಮಾರಿನಿಂದ ಇದ್ದೇವೆ. ಹೊಲದಲ್ಲಿ, ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಸಂತೆಯಲ್ಲಿ ವ್ಯಾಪಾರಿಗೆ ಗೊತ್ತಾಗಬಾರದ ಮಾತಿದ್ದರೆ ಗಂಡಹೆಂಡತಿ ಪಟ್ಟನೆ ಕನ್ನಡಕ್ಕೆ ಹೊರಳುವುದು ನಮ್ಮಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ಮಾಸ್ಟರು ಆ ಅಭ್ಯಾಸಕ್ಕೆ ರಾಗ ಹಾಕಿ ವೇದಿಕೆ ಹತ್ತಿಸಿದ್ದರು.

ಆದರೆ ಹೇಳಿದಷ್ಟು ಸುಲಭವಿರಲಿಲ್ಲ ಅದು. ನಮ್ಮ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳೇ ಸೇರಿಹೋಗಿದೆ. ಬಾಚಣಿಗೆಗೆ ಸೀಪು, ಬೀಗದ ಕೈಗೆ ಸಾವಿ, ಚೀಲಕ್ಕೆ ಪೈ ಎನ್ನುತ್ತೇವೆ. ಹಾಗಂದರೆ ಎದುರು ಕೂತ ಮಗುವಿಗೂ ಗುಟ್ಟು ಗೊತ್ತಾಗುತ್ತದೆ. ಅದಕ್ಕೆ ಮಾಸ್ಟರು ಭಾನುವಾರಗಳಲ್ಲಿ ಕೊಂಬೈಗೆ, ಮಾರ್ಕಯನ್‌ಕೋಟ್ಟೈಗೆ ಸೈಕಲ್ ತುಳಿದುಕೊಂಡು ಹೋಗುವರು. ಅಲ್ಲಿನ ಹಣ್ಣು ಹಣ್ಣು ಮುದುಕಿಯರ ಮುಂದೆ ಕೂತು, ಸೀಪು ಅನ್ನಬೇಡಿ, ನಿಮ್ಮಜ್ಜಿ ಏನನ್ನುತ್ತಿದ್ದರು ಹೇಳಿ ಎಂದು ಪೀಡಿಸುವರು. ಮುದುಕಿಯರು ಸೀರೆಯ ಸೆರಗು ಬಾಯಿಗೆ ಅಡ್ಡವಿಟ್ಟುಕೊಂಡು ನಗುವರು. ಎಷ್ಟೋ ಹೊತ್ತಿನ ಮೇಲೆ, ಅಟ್ಟದಿಂದ ಇಳಿಸಿದ ಹಾಗೆ, ಬಾಚಣಿಗೆ ಎಂಬ ಮಾತು ಹೊರಗೆ ಬರುವುದು. ಮಾಸ್ಟರು ಅದನ್ನು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುವರು. ಸೋಮವಾರ ನನಗೆ ಪಾಠ. ನನ್ನ ಮನೆಯ ಮಾತನ್ನು ನಾನು ಪರೀಕ್ಷೆಗೆ ಓದಿದ ಹಾಗೆ ಉರುಹೊಡೆದು ಕಲಿತೆ.

ಅಂಕಿಗಳದ್ದು ಬೇರೆ ತಲೆನೋವು. ಎರಡು ಭಾಷೆಯಲ್ಲೂ ಅವು ಅಕ್ಕತಂಗಿಯರಂತೆ ಒಂದೇ ಮುಖ. ಅದಕ್ಕಾಗಿ ಕೆಮ್ಮು ಗೊತ್ತು ಮಾಡಿದ್ದರು, ಒಂದೊಂದು ಅಂಕಿಗೂ ಅಷ್ಟಷ್ಟು ಕೆಮ್ಮು, ನಡುವೆ ಒಂದು ಬಿಡುವು. ನಿಲಕ್ಕೋಟ್ಟೈಯ ಶಾಲೆಯೊಂದರಲ್ಲಿ ಅವರಿಗೆ ನಿಜವಾಗಿಯೂ ನೆಗಡಿಯಾಗಿತ್ತು. ಹೆಡ್‌ಮಾಸ್ಟರ ವಯಸ್ಸು ನೂರಾ ಹನ್ನೆರಡು ಎಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ. ಮಕ್ಕಳು ಬೆಂಚು ಬಡಿದು ನಕ್ಕ ಸದ್ದು ಇನ್ನೂ ಕಿವಿಯಲ್ಲಿದೆ. ಬರುವಾಗ ಬಸ್ಸಿನಲ್ಲಿ ಮಾಸ್ಟರು ನಗುತ್ತಾ, ನಗುತ್ತಾ ಕೆಮ್ಮುತ್ತಾ, ಹೆಡ್‌ಮಾಸ್ಟರ ವಯಸ್ಸನ್ನು ಇನ್ನೂ ಹೆಚ್ಚಿಸಿದರು.

ಇನ್ನೊಂದು ಕಟ್ಟಳೆಯಿತ್ತು. ಕಣಿವೆಯೊಳಗೆ ಆಟವಾಡುವ ಹಾಗಿಲ್ಲ. ಬೋಡಿಯಿಂದ ಕಂಬಂವರೆಗೆ ಯಾವ ಊರಿಗೆ ಹೋದರೂ ಮುಂದಿನ ಸಾಲಿನಲ್ಲಿ ನಮ್ಮವರೇ ಕೂತಿರುತ್ತಾರೆ, ಮಂತ್ರ ಅವರಿಗೆ ಅಡಿಗೆಮನೆ ಮಾತಾಗಿ ಕೇಳುತ್ತದೆ. ಹಾಗಾಗಿ ವತ್ತಲಗುಂಡು ದಾಟಿದ ಮೇಲೆಯೇ ನಮ್ಮ ಮಾಸ್ಟರು ಮಾಂತ್ರಿಕರು. ಇತ್ತ ಕಡೆ ಅವರು ಬರೀ ಟೈಪಿಂಗ್ ಮಾಸ್ಟರು. ಅವರ ಒಡಹುಟ್ಟಿದವರು ಕೂಡ ಆ ಆಟವನ್ನು ಒಂದು ಸಲವೂ ನೋಡಿದವರಲ್ಲ.

ಆಟದ ಎರಡನೇ ಭಾಗ ಪ್ರಶ್ನೆಯದು. ಯಾರಾದರೂ ಬಂದು ಮಾಸ್ಟರ ಕಿವಿಯಲ್ಲಿ ಒಂದು ಪ್ರಶ್ನೆಯನ್ನು ಪಿಸುಗುಡಬೇಕು. ಅವರು ಮಂತ್ರ ಹೇಳಿದ ಮೇಲೆ ಆ ಪ್ರಶ್ನೆ ಏನೆಂದು ನಾನು ಹೇಳಬೇಕು, ಉತ್ತರ ಹಗುರವಾದದ್ದಾದರೆ ಉತ್ತರವನ್ನೂ ಹೇಳಬೇಕು. ನನ್ನ ಜೇಬಿನಲ್ಲಿ ಏನಿದೆ, ನನ್ನ ಹೆಂಡತಿ ಇವತ್ತು ಯಾವ ಬಣ್ಣದ ಸೀರೆ ಉಟ್ಟಿದ್ದಾಳೆ, ಇಂಥವು. ಆದರೆ ಹುಟ್ಟು, ಸಾವು, ಮದುವೆ, ಕಾಯಿಲೆ, ಮುಂದೆ ಆಗುವುದು, ಇವುಗಳನ್ನು ಯಾರು ಕೇಳಿದರೂ ಮಾಸ್ಟರು, ಹೊಸಿಲು ಕಣವ್ವಾ, ಎನ್ನುವರು. ಹೊಸಿಲು ದಾಟಬೇಡ ಎಂದು ಅರ್ಥ. ಆಗ ನಾನು ತಮಿಳಿನಲ್ಲಿ, ಇಲ್ಲಿ ಕತ್ತಲಿದೆ, ನನಗೇನೂ ಕಾಣುತ್ತಿಲ್ಲ, ಎಂದು ಹೇಳಿ ಮುಗಿಸಬೇಕು. ಎಷ್ಟು ಜನ ಕೇಳಲಿ, ಎಷ್ಟು ಬೇಡಿಕೊಳ್ಳಲಿ, ಮಾಸ್ಟರು ಇದರಲ್ಲಿ ಮಾತ್ರ ಸಡಿಲ ಬಿಟ್ಟವರಲ್ಲ. ಅವರು ಕೊಟ್ಟದ್ದನ್ನಷ್ಟೇ ನಾನು ಹೇಳಬೇಕು, ನನ್ನದೆಂದು ಒಂದು ಮಾತೂ ಸೇರಿಸಬಾರದು ಎಂದು ಮೊದಲ ದಿನವೇ ಮಾತು ತೆಗೆದುಕೊಂಡಿದ್ದರು.

ಆ ಮಾತನ್ನು ನಾನು ಒಂದೇ ಒಂದು ಸಲ ಮುರಿದೆ.

ತಮಿಳರ ಆವಣಿ ತಿಂಗಳು, ಆಗಸ್ಟ್ ಕೊನೆ. ದಿಂಡಿಗಲ್ಲಿನಲ್ಲಿ ಬೀಗ ಮಾಡುವ ಪಟ್ಟರೆ, ಅಂದರೆ ಸಣ್ಣ ಕಾರ್ಖಾನೆ, ಇಟ್ಟುಕೊಂಡಿದ್ದ ಒಬ್ಬರ ಮೊಮ್ಮಕ್ಕಳಿಗೆ ಕಿವಿ ಚುಚ್ಚುವ ಸಮಾರಂಭ. ದೊಡ್ಡ ಮಂಟಪ, ಹಿಂದೆ ಬಿರಿಯಾನಿಯ ಹಂಡೆಗಳು, ಪಟ್ಟರೆಯ ಕೆಲಸದವರೆಲ್ಲ ಸಂಸಾರ ಸಮೇತ ಬಂದಿದ್ದರು. ಆ ದಿನ ನನಗೆ ಸರಸ್ವತಿಯೇ ನಾಲಗೆಯ ಮೇಲೆ ಕೂತಿದ್ದಳೇನೋ. ಸವೆದ ಉಂಗುರ ಅಂದೆ, ಹಲ್ಲು ಮುರಿದ ಬಾಚಣಿಗೆ ಅಂದೆ, ಒಬ್ಬ ಅಜ್ಜಿಯ ಸೊಂಟದ ಚೀಲದಲ್ಲಿ ಹರಿದ ಬಸ್ ಟಿಕೆಟ್ ಇದೆ ಅಂದೆ. ಒಂದೂ ತಪ್ಪಲಿಲ್ಲ. ಪ್ರತಿಯೊಂದಕ್ಕೂ ಚಪ್ಪಾಳೆ ಹೆಚ್ಚುತ್ತಾ ಹೋಯಿತು. ಕಪ್ಪು ಬಟ್ಟೆಯ ಒಳಗೆ ನಾನು ಉಬ್ಬಿಹೋಗಿದ್ದೆ. ಈ ಮಂತ್ರಶಕ್ತಿ ನಿಜವಾಗಿಯೂ ನನ್ನದೇ ಎಂದು ನನಗೇ ಅನ್ನಿಸತೊಡಗಿತ್ತು...

ಪ್ರಶ್ನೆಯ ಸರದಿ ಬಂತು. ಒಬ್ಬ ಹೆಂಗಸು ಮುಂದೆ ಬಂದಳೆಂದು ಬಳೆಯ ಸದ್ದಿನಿಂದ ಗೊತ್ತಾಯಿತು. ಅವಳು ಪಿಸುಗುಡಲಿಲ್ಲ. ಮಾಸ್ಟರು ಹೇಳುತ್ತಿದ್ದ ಅದೇ ರಾಗದಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಹಾಡಿದಳು.

"ಮಾಮಾ... ನಾ ಯಾರಂತ ತಿಳೀತಾ ಮಾಮಾ... ಏಳು ವರ್ಸ ಆಯ್ತು... ನಮ್ಮವ್ವ ಹೆಂಗವ್ಳೆ, ಹೇಳ್ಸು ಮಾಮಾ..."

ಇವಳು ಮಂತ್ರವನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡು ಜನ ಗೊಳ್ಳೆಂದು ನಕ್ಕರು. ನಾನೂರು ಜನರ ಆ ಮಂಟಪದಲ್ಲಿ ಆ ಮಾತು ತಿಳಿದವರು ನಾವು ಮೂವರೇ. ಅತ್ತೆ ವೇದಿಕೆಯ ಪಕ್ಕದಲ್ಲೇ ಇದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಇವಳು ಬಯಸಿದ್ದರೆ ಒಂದೇ ಮಾತಿನಲ್ಲಿ ನಮ್ಮ ಗುಟ್ಟನ್ನು ಬಯಲು ಮಾಡಬಹುದಿತ್ತು. ಮಾಡಲಿಲ್ಲ. ನಮ್ಮ ಮಂತ್ರದ ಒಳಗೇ ಹೊಕ್ಕು, ತನ್ನ ಅವ್ವನ ವಿಚಾರ ಕೇಳಿದಳು.

ಮಾಸ್ಟರು ರಾಗವೇ ಇಲ್ಲದ ದನಿಯಲ್ಲಿ, ಹೊಸಿಲು ಕಣವ್ವಾ, ಅಂದರು. ಮತ್ತೊಮ್ಮೆ, ಹೊಸಿಲು, ಅಂದರು. ಅವರು ಎಂದೂ ಎರಡು ಸಲ ಹೇಳಿದವರಲ್ಲ. ನಾನು ಆಗಲಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ಇಲ್ಲಿ ಕತ್ತಲಿದೆ ಎಂದು ಮೂರು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟೊಂದು ಚಪ್ಪಾಳೆಯ ಮೇಲೆ ಕತ್ತಲಿದೆ ಎಂದು ಸಪ್ಪೆಯಾಗಿ ಹೇಳಲು ನನಗೆ ಮನಸ್ಸಾಗಲಿಲ್ಲ. ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ, ಅವಳ ಅವ್ವ ಯಾರೆಂದೂ ಗೊತ್ತಿರಲಿಲ್ಲ. ಕೇವಲ ಜಂಬ. ನಾನೂ ಕೈ ಮೇಲೆತ್ತಿ ಅದೇ ರಾಗದಲ್ಲಿ ಹಾಡಿಬಿಟ್ಟೆ.

"ನಿಮ್ಮವ್ವ ಚೆನ್ನಾಗವ್ಳೆ ಕಣಕ್ಕಾ... ನಿಮ್ಮುನ್ನೇ ಕೇಳ್ತಾವ್ಳೆ ಕಣಕ್ಕಾ..."

ಕಣ್ಣು ಕಟ್ಟಿದ ಹುಡುಗಿಯ ಮೈಮೇಲೇ ಮಂತ್ರ ಬಂತೆಂದು ಮಂಟಪಕ್ಕೆ ಮಂಟಪವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆ ಹೆಂಗಸು ಓಡಿಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬೆರಳು ಒದ್ದೆಯಾಯಿತು. ನಾನು ಅದನ್ನೂ ನನ್ನ ಹೆಚ್ಚುಗಾರಿಕೆ ಎಂದೇ ತಿಳಿದೆ. ಬಟ್ಟೆ ಬಿಚ್ಚುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು. ಮಾಸ್ಟರು ಊಟಕ್ಕೂ ಕೂರದೆ ಅವಳನ್ನು ಹುಡುಕುತ್ತಾ ರಸ್ತೆಯವರೆಗೆ ಹೋಗಿ ಬಂದರು. ಪಟ್ಟರೆಯ ಯಜಮಾನರನ್ನು ವಿಚಾರಿಸಿ ಅವಳ ಮನೆ ಎಲ್ಲೆಂದು ಗುರುತು ಹಾಕಿಕೊಂಡರು. ಅವಳ ಗಂಡ ಅದೇ ಪಟ್ಟರೆಯಲ್ಲಿ ಕೆಲಸಕ್ಕಿದ್ದನಂತೆ.

ಬಸ್ಸಿನಲ್ಲಿ ಅವರ ಬಾಯಲ್ಲಿ ಲವಂಗವೂ ಇರಲಿಲ್ಲ. ವತ್ತಲಗುಂಡಿನಲ್ಲಿ ಬಸ್ಸು ನಿಂತಾಗ ಅತ್ತೆ, ಏನಾಯ್ತು, ಯಾಕಿಂಗಿದೀರಿ, ಎಂದು ಕೇಳಿದರು. ಮಾಸ್ಟರು ಮೆಲ್ಲಗೆ ಹೇಳಿದರು, ಅತ್ತೆಗೆ ಕೇಳಿಸಲಿಲ್ಲ. ಮತ್ತೆ ಹೇಳಿದರು, ಆಗಲೂ ಕೇಳಿಸಲಿಲ್ಲ. ಕೊನೆಗೆ ಅವರು ಬಾಯನ್ನು ಅತ್ತೆಯ ಕಿವಿಯ ಬಳಿ ಇಟ್ಟು, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದರು.

"ಕೊಂಬೈ ಅಕ್ಕನ ಮಗಳು! ಅವ್ವ ಚೆನ್ನಾಗವ್ಳೆ ಅಂತ ಇವಳು ಹೇಳ್ಬುಟ್ಳು! ಅಕ್ಕ ಸತ್ತು ಆರು ತಿಂಗಳಾಯ್ತು ಅಂತ ಆ ಹುಡುಗೀಗೆ ಯಾರು ಹೇಳವ್ರೆ?"

ಹಾಗೆ ನನಗೆ ಗೊತ್ತಾಯಿತು. ಕಿಟಕಿಯ ಸರಳು ಹಿಡಿದು ಕೂತೆ. ತೇನಿ ಬರುವವರೆಗೂ ಬಿಡಲಿಲ್ಲ.

ಮಿಕ್ಕದ್ದನ್ನು ಅತ್ತೆ ಮನೆಯಲ್ಲಿ ಹೇಳಿದರು. ಕೊಂಬೈನ ಆ ಅಕ್ಕ ಮಾಸ್ಟರಿಗೆ ದೊಡ್ಡಪ್ಪನ ಮಗಳು. ಅವಳ ಮಗಳು ನಮ್ಮವನಲ್ಲದ ಹುಡುಗನನ್ನು ಮದುವೆಯಾಗಿ ದಿಂಡಿಗಲ್ಲಿಗೆ ಹೋದಾಗ ನೆಂಟರೆಲ್ಲ ಕೂತು, ಇನ್ನು ಹೋಗುವುದಿಲ್ಲ, ಬರುವುದಿಲ್ಲ, ಸಾವಿನ ಸುದ್ದಿಯನ್ನೂ ಕಳಿಸುವುದಿಲ್ಲ ಎಂದು ಗೊತ್ತು ಮಾಡಿದರಂತೆ. ಎಲ್ಲರಂತೆ ಮಾಸ್ಟರೂ ತಲೆಯಾಡಿಸಿ ಎದ್ದು ಬಂದಿದ್ದರಂತೆ. ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಅಕ್ಕ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಇವರೂ ಒಬ್ಬರು. ದಿಂಡಿಗಲ್ಲಿಗೆ ಮೂರು ಗಂಟೆಯ ದಾರಿ. ಯಾರೂ ಹೋಗಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಮಾಸ್ಟರು ನಮ್ಮ ಮನೆ ಬಾಗಿಲಿಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಹೊರಡು, ಅಂದರು, ಅಷ್ಟೇ.

ಬೆಟ್ಟದ ಕೋಟೆಯ ಹಿಂದೆ ಸಣ್ಣ ಓಣಿ. ಎರಡೂ ಕಡೆ ಅರ ಹಾಕುವ ಸದ್ದು, ಕಬ್ಬಿಣದ ಪುಡಿಯ ವಾಸನೆ. ಅವಳು ನಮ್ಮನ್ನು ಕಂಡು, ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟು ಎದ್ದು ಬಂದಳು. ಮುಖದಲ್ಲಿ ಏನು ಸಂತೋಷ! ಕರೆದುಕೊಂಡು ಹೋಗಲು ಬಂದಿದ್ದೇವೆಂದು ಅವಳ ಎಣಿಕೆ. ಕೂರಿ ಮಾಮ, ಕೂರು ತಂಗಿ, ಎನ್ನುತ್ತಲೇ ಒಳಗೆ ಓಡಿ ಒಂದು ಸೀರೆ ತಂದಳು. ಚಿನ್ನಾಳಪಟ್ಟಿಯ ಹತ್ತಿ ಸೀರೆ. ನಿನ್ನೆ ಸಂಜೆಯೇ ಹೋಗಿ ತಂದಳಂತೆ. ಅವ್ವನಿಗೆ ಒಗೆಯಲು ಹಗುರವಾಗಿರಲಿ ಎಂದು ಇದನ್ನೇ ಆರಿಸಿದೆ, ಶುಕ್ರವಾರ ಮಕ್ಕಳನ್ನೂ ಕರೆದುಕೊಂಡು ಹೊರಡುತ್ತೇನೆ, ಎಂದು ಹೇಳುತ್ತಲೇ ಹೋದಳು. ಏಳು ವರ್ಷದಿಂದ ಆಡದ ಮಾತು, ತಮಿಳೂ ಕನ್ನಡವೂ ಕಲಸಿಕೊಂಡು ದಬದಬನೆ ಬೀಳುತ್ತಿತ್ತು.

ಮಾಸ್ಟರು ಕೂರಲಿಲ್ಲ. ಸಾವಿನ ಸುದ್ದಿ ತಂದವರು ನಮ್ಮಲ್ಲಿ ಕೂರುವುದಿಲ್ಲ, ನೀರೂ ಕುಡಿಯುವುದಿಲ್ಲ. ಅವರು ನಿಂತೇ ಇರುವುದನ್ನು ನೋಡಿ ಅವಳ ಮಾತು ತಾನಾಗಿ ನಿಧಾನವಾಯಿತು. ಆಮೇಲೆ ನಿಂತುಹೋಯಿತು.

"ಅವ್ವ ಇಲ್ಲ ತಾಯಿ. ಮಾಸೀಲಿ ಹೋದ್ಲು."

ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಇವಳು ಚೆನ್ನಾಗವ್ಳೆ ಅಂದ್ಲಲ್ಲ?" ಅಂದಳು.

ನಾನು ಸುಳ್ಳು ಹೇಳಿದೆ ಅಕ್ಕ ಎಂದೆನೋ, ಗೊತ್ತಿಲ್ಲದೆ ಹೇಳಿದೆ ಎಂದೆನೋ... ಏನು ಹೇಳಿದೆನೆಂದು ಇವತ್ತಿಗೂ ಸರಿಯಾಗಿ ನೆನಪಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಮಾಸ್ಟರು ಅಡ್ಡ ಬಂದರು. ಆಟ ನನ್ನದು, ಅವಳು ಆಡುವುದು ನನ್ನ ಮಾತು, ತಪ್ಪೂ ನನ್ನದು, ಎಂದರು. ಹೊಸಿಲು ಎಂದು ಎರಡು ಸಲ ಹೇಳಿದ್ದನ್ನು ಅಲ್ಲಿಯೂ ಎತ್ತಲಿಲ್ಲ, ಆಮೇಲೆ ಎಂದೂ ಎತ್ತಲಿಲ್ಲ.

ಅವಳು ಸೀರೆಯನ್ನು ಮಡಿಲಲ್ಲಿ ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತಳು. ತಲೆ ಎತ್ತದೆ ಕೇಳಿದಳು.

"ನನ್ನ ಕೇಳುದ್ಲಾ?"

ಇಲ್ಲ ಎಂದುಬಿಟ್ಟಿದ್ದರೆ ಮಾಸ್ಟರ ತಪ್ಪು ಅರ್ಧ ಕಡಿಮೆಯಾಗುತ್ತಿತ್ತು. ಅವಳಿಗೂ ಸುಲಭವಾಗುತ್ತಿತ್ತೇನೋ, ನನಗೆ ಗೊತ್ತಿಲ್ಲ. ಅವರು ಗೋಡೆಗೆ ಕೈ ಊರಿ ಹೇಳಿದರು.

"ಕೇಳುದ್ಲು. ಎರಡು ದಿನ ಬಿಡದೆ ಕೇಳುದ್ಲು. ನಾ ಪಕ್ಕದಾಗೇ ಕೂತಿದ್ದೆ. ಕರೀಬೇಕಾಗಿತ್ತು. ಕರೀಲಿಲ್ಲ."

ಅವಳು ಎದ್ದು ಹಿತ್ತಲಿಗೆ ಹೋದಳು. ಹತ್ತಿರದವರ ಸಾವು ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಆರು ತಿಂಗಳು ತಡವಾಗಿ ಅವಳು ಅವ್ವನಿಗೆ ಆ ನೀರು ಹಾಕಿಕೊಂಡಳು. ಒಂದು ಕೊಡ, ಎರಡು ಕೊಡ, ಮೂರು ಕೊಡ. ನಾಲ್ಕನೆಯದಕ್ಕೆ ಅವಳ ಕೈ ಸೋತಿತು. ಮಾಸ್ಟರು ಹೋಗಿ ಕೊಡವನ್ನು ತೆಗೆದುಕೊಂಡು, ಇಸ್ತ್ರಿ ಅಂಗಿಯ ಮೇಲೆಯೇ ಆ ನೀರನ್ನು ತಮ್ಮ ತಲೆಗೆ ಸುರಿದುಕೊಂಡರು. ಆಗ ಅವಳು ದನಿ ತೆಗೆದು ಅತ್ತಳು. ಓಣಿಯ ಅರದ ಸದ್ದು ಒಂದೊಂದಾಗಿ ನಿಂತಿತು.

ನಮ್ಮನ್ನು ಅವಳು ಕ್ಷಮಿಸಿದಳೆಂದು ಹೇಳಲಾರೆ. ಹೋಗಿ ಬನ್ನಿ ಎಂದಳು, ಮುಖ ನೋಡಲಿಲ್ಲ. ಆದರೆ ವರ್ಷ ತುಂಬಿ ಕೊಂಬೈನಲ್ಲಿ ತಿಥಿ ಗೊತ್ತಾದಾಗ ಮಾಸ್ಟರು ಯಾರನ್ನೂ ಕೇಳದೆ ದಿಂಡಿಗಲ್ಲಿಗೆ ಹೋಗಿ ಅವಳನ್ನು ಬಸ್ಸಿನಲ್ಲಿ ಕರೆತಂದರು. ತಿಥಿಯ ಮನೆಯಲ್ಲಿ ನಾಲ್ಕೈದು ಜನ ಎದ್ದು ಹೊರಗೆ ಹೋದರು. ಮಾಸ್ಟರು ಅವಳ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತು, ನಿಧಾನವಾಗಿ, ಪಾಯಸದವರೆಗೂ ಉಂಡು ಎದ್ದರು. ಆಮೇಲೆ ಕೆಲವು ವರ್ಷ ಅವರ ಮನೆಗೆ ಮದುವೆಯ ಕರೆಯೋಲೆಗಳು ಬರುವುದು ನಿಂತಿತು. ಅತ್ತೆ, ಒಳ್ಳೇದೇ ಆಯ್ತು, ನನಗೆ ಯಾರ ಮಾತೂ ಕೇಳಿಸುವುದಿಲ್ಲ, ಹೋಗಿ ಏನು ಮಾಡಲಿ, ಎಂದು ನಗುತ್ತಿದ್ದರು.

ಮನಸ್ಸು ಓದುವ ಆಟ ಆ ಕಿವಿ ಚುಚ್ಚುವ ಸಮಾರಂಭಕ್ಕೇ ಕೊನೆ. ಎಷ್ಟೋ ಕಡೆಯಿಂದ ಕರೆ ಬಂತು, ಆ ಹುಡುಗಿ ಮಂತ್ರ ಹಾಡುತ್ತಾಳಂತಲ್ಲ, ಅವಳನ್ನು ಕರೆತನ್ನಿ, ಎಂದು ಕೂಡ ಕೇಳಿದರು. ಮಾಸ್ಟರು ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅವರು ಸಿಟ್ಟಾಗಿದ್ದಾರೆಂದು ನಾನು ಬಹಳ ದಿನ ಕೊರಗಿದೆ. ಒಂದು ದಿನ ಅಳುತ್ತಾ ಕೇಳಿಯೂ ಬಿಟ್ಟೆ. "ಅದು ಮನೆ ಮಾತು ಕಣಮ್ಮ. ಮನೇಲೇ ಇರ್ಲಿ," ಅಂದರು. ಮುಂದಿನ ಬೇಸಿಗೆಯಲ್ಲಿ ನನಗೆ ತೇನಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅರ್ಜಿಯನ್ನು ಟೈಪ್ ಮಾಡಿ ಕಳಿಸಿದ್ದೂ ಅವರೇ. ಕೆಲವು ವರ್ಷಕ್ಕೆ ಆ ಆರು ಮಿಷಿನ್ನುಗಳು ಗುಜರಿಗೆ ಹೋದವು, ಮಹಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂತು.

ಅತ್ತೆ ಹೋಗಿ ಮೂರು ವರ್ಷವಾಯಿತು. ಮಾಸ್ಟರು ಹೋದದ್ದು ಕಳೆದ ಐಪ್ಪಸಿಯಲ್ಲಿ, ದೀಪಾವಳಿಯ ತಿಂಗಳಲ್ಲಿ. ಮಕ್ಕಳಿರಲಿಲ್ಲ. ಅವರ ತಮ್ಮನ ಮನೆಯವರೂ ನಾನೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದೆವು. ಕೊನೆಯ ನಾಲ್ಕು ದಿನ ಅವರಿಗೆ ಮಾತು ನಿಂತುಹೋಗಿತ್ತು. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ನೀರು ಬೇಕೋ, ಮಗ್ಗುಲು ಬದಲಾಯಿಸಬೇಕೋ, ಯಾರನ್ನಾದರೂ ಕರೆಯಬೇಕೋ... ಒಂದೂ ತಿಳಿಯಲಿಲ್ಲ ನನಗೆ. ಅವರು ಹೇಳಿಕೊಟ್ಟ ಹಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಯಾವುದಕ್ಕೂ ಕಣ್ಣು ಅಲುಗಲಿಲ್ಲ. ನನ್ನ ಮಗಳು ಬಾಗಿಲಲ್ಲಿ ನಿಂತು, ಅಮ್ಮ, ನೀನು ಏನೇನು ಹೇಳುತ್ತಿದ್ದೀಯ, ಎಂದು ತಮಿಳಿನಲ್ಲಿ ಕೇಳಿದಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಈ ಹಳೆಯ ಮಾತುಗಳು ಮಾತ್ರ ಆಗುವುದಿಲ್ಲ. ಬೆಳಗಾಗುವ ಹೊತ್ತಿಗೆ ಮಾಸ್ಟರು ಹೋದರು.

ಕಣ್ಣು ಮುಚ್ಚಿಸಿ, ಅವರ ತಮ್ಮನಿಗೆ ಹೇಳಿ, ಕೂಡಲೇ ನಾನು ದಿಂಡಿಗಲ್ಲಿಗೆ ಫೋನ್ ಮಾಡಿದೆ. ಮಿಕ್ಕ ನೆಂಟರಿಗೆಲ್ಲ ಆಮೇಲೆ. ತಿಥಿಗೆ ಬಂದು ಹೋದ ಮೇಲೆ ಆ ಅಕ್ಕ ಪೊಂಗಲಿಗೊಮ್ಮೆ ಮಾಸ್ಟರ ಮನೆಗೆ ಬರುತ್ತಿದ್ದಳು. ನನ್ನ ಜೊತೆ ಎರಡು ಮಾತು, ಅವರ ಜೊತೆ ನಾಲ್ಕು ಮಾತು, ಅಷ್ಟೇ. ಅವಳಿಗೂ ಈಗ ಅರವತ್ತರ ಹತ್ತಿರ. ಮಾಮ ಹೋಗಿಬಿಟ್ಟರು ಅಕ್ಕ, ಎಂದೆ. ಅವಳು ಕೇಳಿದಳು.

"ನನ್ನ ಕೇಳುದ್ರಾ?"

ಕೇಳಿದರು ಅಕ್ಕ, ನಿಮ್ಮನ್ನೇ ಕೇಳಿದರು, ಎಂದು ಹೇಳುವುದು ಎಷ್ಟು ಸುಲಭವಿತ್ತು. ನಾಲಗೆಯ ತುದಿಗೆ ಬಂದಿತ್ತು. ಯಾರಿಗೆ ಏನು ನಷ್ಟ? ಎದುರಿಗೆ ಮಾಸ್ಟರು ಮಲಗಿದ್ದರು.

"ಇಲ್ಲ ಅಕ್ಕ. ನಾಕು ದಿನದಿಂದ ಅವ್ರಿಗೆ ಮಾತೇ ಇರ್ಲಿಲ್ಲ. ಯಾರ್ನೂ ಕೇಳ್ಲಿಲ್ಲ," ಎಂದೆ.

ಅವಳು ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ.

"ನಿಜ ಹೇಳ್ದೆ ತಂಗಿ," ಅಂದಳು. "ನಾ ಬರೋಗಂಟ ಎತ್ಬ್ಯಾಡಿ ಅನ್ನು."

ಹೊರಗೆ ಬಂದು, ದಿಂಡಿಗಲ್ಲಿನಿಂದ ಅಕ್ಕ ಬರುತ್ತಿದ್ದಾಳೆ, ಕಾಯಬೇಕು, ಎಂದು ಎಲ್ಲರಿಗೂ ಹೇಳಿದೆ. ಅಂದು ತಿಥಿಯ ಮನೆಯಿಂದ ಎದ್ದು ಹೋಗಿದ್ದವರಲ್ಲಿ ಇನ್ನೂ ಬದುಕಿದ್ದ ಇಬ್ಬರು ಜಗಲಿಯ ಮೇಲೆ ಕೂತಿದ್ದರು. ಅವರೂ ಎದ್ದು ಹೋಗಲಿಲ್ಲ. ಮಧ್ಯಾಹ್ನದವರೆಗೂ ಎಲ್ಲರೂ ಕಾದೆವು.

ಮಾಸ್ಟರಿಲ್ಲದ ತೇವಾರಕ್ಕೆ ನಾನು ಆಮೇಲೆ ಎರಡು ಸಲ ಹೋಗಿ ಬಂದೆ. ಉತ್ತಮಪಾಳ್ಯದ ಆ ಮುದುಕ ಮೂರನೇ ಸಲ ಕೇಳಿದಾಗ ನಾನು ಅಪ್ಪನ ಹೆಸರು ಹೇಳಿದೆ. ಅರ್ಜಿ ಮುಗಿಸಿಕೊಂಡು ಬಸ್ಸು ಹತ್ತಿ ಕೂತವಳು ಅಕ್ಕನಿಗೆ ಫೋನ್ ಮಾಡಿದೆ. ಇವತ್ತು ಸಾರ್ ಬಹಳ ನೆನಪಾದರು ಅಕ್ಕ, ಎಂದೆ. ನನಗೂ, ಎಂದಳು. ತೇನಿಯವರೆಗೂ ಇಬ್ಬರೂ ನಮ್ಮ ಮಾತಿನಲ್ಲೇ, ಬಸ್ಸಿನಲ್ಲಿ ಯಾರಿಗೂ ಕೇಳಿಸದ ಹಾಗೆ, ಅವರ ವಿಚಾರ ಮಾತಾಡಿಕೊಂಡು ಅತ್ತೆವು.